ತಗಡಿನ ಮೇಲೆ ನಲವತ್ತೇಳು

ಮನೆಪಟ್ಟಿಯ ವಾರ, ಗುಂಜೂರಿನ ಖಾಲಿ ಸೈಟಿನಲ್ಲಿ
ನಾನೇ ಬರೆದದ್ದು, ಕಪ್ಪು ಮಾರ್ಕರಿನಲ್ಲಿ, ತಗಡಿನ ಮೇಲೆ:
ನಲವತ್ತೇಳು.
ಏಳರ ಬಾಲ ತುಕ್ಕಿನ ತೂತಿನೊಳಗೆ ಜಾರಿತ್ತು.

ಒಳಗೆ ಸಾಬವ್ವ, ದೇವದುರ್ಗದ ಕಡೆಯವಳು,
ರೊಟ್ಟಿ ತಟ್ಟುತ್ತಲೇ ಉತ್ತರ ಹೇಳಿದಳು.
ಗೋಡೆ? ತಗಡು.
ಚಾವಣಿ? ತಗಡು.
ನೆಲ?
"ನೆಲ ಮಂದೀದು ರೀ, ಬರಕೊಳ್ರಿ."
ಅದಕ್ಕೆ ಕೋಡ್ ಇರಲಿಲ್ಲ. ಮಣ್ಣು ಎಂದು ಒತ್ತಿದೆ.

ತಲೆ ಎಣಿಸಲು ಮತ್ತೆ ಹೋದರೆ
ನಲವತ್ತೇಳಿಲ್ಲ, ನಲವತ್ತಾರಿಲ್ಲ,
ಆ ಸಾಲೇ ಇಲ್ಲ.
ಮೂರಾಳು ಆಳದ ಗುಂಡಿ,
ಗುಂಡಿಯ ಅಂಚಿಗೆ ಒಲೆಯ ಮೂರು ಕಲ್ಲು, ಇನ್ನೂ ಕಪ್ಪಗೆ.
ಕಾವಲಿಗೆ ಬಾರ್ಪೇಟಾದ ಹುಡುಗ ಜಹಿರುಲ್,
ನಾಲ್ಕು ತಿಂಗಳ ಕನ್ನಡದಲ್ಲಿ "ಎಲ್ಲಾ ಹೋಯ್ತು ಮೇಡಂ" ಎಂದ,
ಮಳೆ ಹೋಯ್ತು, ಕರೆಂಟು ಹೋಯ್ತು ಅನ್ನುವ ಹಾಗೆ.

ಮೇಲ್ವಿಚಾರಕರಿಗೆ ಫೋನು ಮಾಡಿದೆ.
"ಬೀಗ ಹಾಕಿದೆ ಅಂತ ಹಾಕಿಬಿಡಿ."
ಸಾರ್, ಬೀಗಕ್ಕೊಂದು ಬಾಗಿಲು ಬೇಕಲ್ಲ.

ಆ ರಾತ್ರಿ ನನ್ನದೇ ಮನೆಯ ಪಟ್ಟಿ ತುಂಬಿದೆ.
ಒಂದು ಕೋಣೆ, ಒಬ್ಬಳು.
ಕೊನೆಯ ವಾಸಸ್ಥಳ: ಪಾವಗಡ.
ಬಂದ ಕಾರಣ: ಮದುವೆ.
ಮದುವೆ ಎದ್ದು ಹೋಗಿ ಒಂಬತ್ತು ವರ್ಷ;
ಉಳಿದ ಕಾರಣ ಯಾರೂ ಕೇಳುವುದಿಲ್ಲ.

ಹನ್ನೊಂದನೆಯ ದಿನ, ಬಸ್ಸು ತಪ್ಪಿ,
ಚನ್ನಸಂದ್ರದ ಹಳಿಯ ಪಕ್ಕ ನಡೆಯುತ್ತಿದ್ದೆ.
ಕಣ್ಣಿಗೆ ಬಿತ್ತು ನನ್ನದೇ ಅಕ್ಷರ.
ತಲೆಕೆಳಗಾದ ನಲವತ್ತೇಳು,
ಈಗ ಯಾರದೋ ಬಚ್ಚಲಿನ ಗೋಡೆ.
ಏಳರ ಬಾಲ ಅದೇ ತೂತಿನಲ್ಲಿ.

"ಸಾಬವ್ವಾ?" ಎಂದು ಕೂಗಿದೆ.
ಒದ್ದೆ ಸೀರೆ ಎತ್ತಿ ಕಟ್ಟಿದವಳು ಹೊರಬಂದಳು.
ತುಳಸಾ ಬಾಗ್, ಬಲಾಂಗೀರ್
(ಇದು ಆಮೇಲೆ ತಿಳಿದದ್ದು).
"ಸಾಬವ್ವ?" ಮತ್ತೆ ಕೇಳಿದೆ.
"ಸಾಬೂನ್?" ಎಂದಳು.
ನನ್ನ ಕೈ ನೋಡಿದಳು, ಒಳಗೆ ಹೋದಳು,
ಹಸಿರು ಸೋಪಿನ ತೆಳ್ಳನೆ ಚೂರು ತಂದು
ಅಂಗೈಯಲ್ಲಿಟ್ಟು ಚೊಂಬು ಬಗ್ಗಿಸಿದಳು.

ಇನ್ನೇನು ಮಾಡುವುದು, ತೊಳೆದುಕೊಂಡೆ.

ತಗಡು ತಂದದ್ದೆಲ್ಲಿಂದ? ಗುಜರಿಯಿಂದ, ಎಂಟನೂರಕ್ಕೆ.
ಅದರೊಳಗೆ ಬದುಕಿದ್ದವರು ಎಲ್ಲಿ
ಎಂದು ಗುಜರಿಯವನು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಬ್ಲಾಕು ನನ್ನದಲ್ಲ, ಇಲ್ಲಿ ಬೇರೆ ಮೇಷ್ಟ್ರು ಎಣಿಸಬೇಕು.
ಆದರೂ ಅಭ್ಯಾಸಬಲ, ಬಾಯಿಗೆ ಬಂತು:
ಎಷ್ಟು ಜನ?
ನಾಲ್ಕು ಬೆರಳು ಎತ್ತಿದಳು.
ಆಮೇಲೆ ಸೆರಗಿನ ಮೇಲಿಂದ ಹೊಟ್ಟೆ ಮುಟ್ಟಿಕೊಂಡು
ಹೆಬ್ಬೆರಳನ್ನು
ಅರ್ಧ ಬಿಚ್ಚಿದಳು.