ಮಡಿಕೆ ಇಲ್ಲದ ಅಳತೆ

ಪದಿ ಅಡುಗುಲು ಚಾಲಮ್ಮಾ, ಅಂತಾನೆ ಓಬುಳೇಸು ಮೇಸ್ತ್ರಿ,
ಬಾಯಲ್ಲಿ ಎಲೆಯಡಿಕೆ, ಕಿವಿಯ ಮೇಲೆ ಪೆನ್ಸಿಲ್ಲು.
ಹತ್ತು ಸಾಕು. ಊರೆಲ್ಲ ಹತ್ತು.
ಲಿಂಟಲ್ ಮುಗಿದಿದೆ, ಬೆಳಿಗ್ಗೆ ಇಟ್ಟಿಗೆ ಲಾರಿ ಬರುತ್ತದೆ,
ಇನ್ನೆಷ್ಟು ವರಸೆ, ಇವತ್ತೇ ಹೇಳಬೇಕು.

ರಾಯದುರ್ಗದಲ್ಲಿ ಹದಿನೇಳು ವರ್ಷ ಜೀನ್ಸ್ ಹೊಲಿದವಳು ನಾನು.
ಕಾಣದ ಊರಿನ ಕಾಣದ ಕಾಲುಗಳ ಉದ್ದ
ಬೆರಳಿಗೆ ಬಾಯಿಪಾಠ.
ನನ್ನ ಮನೆಯ ಎತ್ತರ ಎಷ್ಟೆಂದು
ಯಾರೂ ಕೇಳಿರಲಿಲ್ಲ ಇದುವರೆಗೆ.

ಬಾಡಿಗೆ ಕೋಣೆಗೆ ತಗಡು. ಏಳೂವರೆ ಅಡಿ.
ವನ್ನೂರಪ್ಪ ಅಂಗಿ ಕಳಚಲು ಕೈ ಎತ್ತಿದಾಗ
ಫ್ಯಾನು ಬಡಿದ ಬೆರಳಿನ ಉಗುರು ಇನ್ನೂ ಡೊಂಕು.
ಅಂದಿನಿಂದ ಕೂತೇ ಅಂಗಿ ತೆಗೆಯುತ್ತಾನೆ,
ಮದುವೆ ಛತ್ರಕ್ಕೆ ಹೋದರೂ.
ಹನ್ನೆರಡು ಹಾಕು, ಅಂದ ಮೇಸ್ತ್ರಿಗೆ,
ಮೇಲೆ ನೋಡದೆ.

ಅಡಿಗೆ ಎರಡು ಮೆಟ್ಟಿಲು.
ಅತ್ತೆ ಲೆಕ್ಕ ಹಾಕಿದ್ದು ಇಟ್ಟಿಗೆಯನ್ನಲ್ಲ, ಮಂಡಿಯನ್ನು.
ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಮಲಗುವುದು
ಅವಳ ಐವತ್ತು ವರ್ಷದ ಹಟ.
'ನೀವು ಕೆಳಗ ತಣ್ಣಗಿರಲಿಕ್ಕೆ
ನನ್ನ ಗಾಳೀನ ನಾಕು ಮೆಟ್ಟಿಲು ದೂರ ಮಾಡಬ್ಯಾಡ್ರಿ.'

ತ್ರಿವೇಣಿಗೆ ಯೂನಿಫಾರ್ಮ್ ಹೊಲಿಯುವಾಗ
ಕೆಳಗೆ ಮೂರು ಬೆರಳು ಬಟ್ಟೆ ಮಡಚಿ ಬಿಡುತ್ತೇನೆ.
ಮುಂದಿನ ಜೂನಿನಲ್ಲಿ ಹೊಲಿಗೆ ಬಿಚ್ಚಿದರೆ ಲಂಗ ಉದ್ದ,
ಮಡಿಕೆಯಿದ್ದಲ್ಲಿ ಮಾತ್ರ ಬಣ್ಣ ಹೊಸದು.
ಮೇಸ್ತ್ರಿಯನ್ನು ಕೇಳಿದೆ:
ಗೋಡೆಯೊಳಗೆ ಒಂದಡಿ ಮಡಚಿಡೋಕೆ ಬರಲ್ವಾ?
ನಕ್ಕ. ಎಲೆಯಡಿಕೆ ಉಗಿದು ಬಂದು ಮತ್ತೆ ನಕ್ಕ.
ನಾನು ತಮಾಷೆಗೆ ಕೇಳಿರಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ
ಸೂರಿಲ್ಲದ ಮನೆಯೊಳಗೆ ಒಬ್ಬಳೇ ನಿಂತೆ.
ಗೋಡೆಯಾಚೆ ದುರ್ಗದ ಬೆಟ್ಟದ ಒಂದು ಚೂರು,
ಅದರ ಮೇಲೆ ಏನೂ ಇಲ್ಲ,
ಎಷ್ಟು ಬೇಕಾದರೂ ತಗೋ ಅನ್ನುವ ಹಾಗೆ.
ಹೊಸ ಥಾನು ಬಿಚ್ಚಿದಾಗಲೂ ಇದೇ ಭಯ:
ಕತ್ತರಿ ಇಡುವವರೆಗೆ ಎಲ್ಲರ ಅಳತೆಯೂ ಅದರಲ್ಲಿದೆ.

ಕೊರಳಿನ ಟೇಪು ಇಳಿಸಿ ಸಾರುವೆಯ ಬಿದಿರಿಗೆ ಹಿಡಿದೆ.
ಅರವತ್ತು ಇಂಚಿಗೆ ಮುಗಿಯಿತು.
ಅದಕ್ಕೆ ಗೊತ್ತಿರುವುದು ಒಬ್ಬ ಮನುಷ್ಯ, ಅಷ್ಟೇ.
ಹಲಗೆ ಹತ್ತಿ ಇನ್ನೊಮ್ಮೆ ಇಟ್ಟೆ. ಸರಿಯಾಗಿ ಹತ್ತಡಿ.
ಒಬ್ಬರ ತಲೆಯ ಮೇಲೆ ಇನ್ನೊಬ್ಬರು ನಿಂತರೆ ಆಗುವಷ್ಟು.
ಅದಕ್ಕೇ ಇರಬೇಕು ಊರೆಲ್ಲ ಹತ್ತು.
ಅದರ ಮೇಲೆ ಮೂರು ಬೆರಳು ಸೇರಿಸಿ
ಚಾಕ್ ಬಿಲ್ಲೆಯಿಂದ ಗೆರೆ ಎಳೆದು ಇಳಿದೆ.

ಬೆಳಿಗ್ಗೆ ಮೇಸ್ತ್ರಿ ಕಣ್ಣು ಕಿರಿದು ಮಾಡಿ ನೋಡಿದ.
ಇದೇನಮ್ಮಾ, ವರಸೆ ಕೂಡಲ್ಲ,
ಮೂರು ಬೆರಳಿಗೆ ಇಟ್ಟಿಗೆ ಒಡೆಯಬೇಕು.
ಒಡಿ, ಅಂದೆ.
ವನ್ನೂರಪ್ಪ ಏನೋ ಹೇಳಲು ಬಂದವನು
ಸುಮ್ಮನೆ ಒಂದು ಕೈ ಮೇಲೆತ್ತಿ, ಅರ್ಧಕ್ಕೇ ಇಳಿಸಿದ.
ಮರಳಿನ ಗುಡ್ಡೆಯ ಮೇಲೆ ಕೂತ ಅತ್ತೆ
ಬೆರಳು ಮಡಚುತ್ತಿದ್ದಳು:
ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು,
ಆಮ್ಯಾಲೆ ಒಂದು ಅರ್ಧ.