ಕಪ್ಪು ಕಪ್ಪಾಗಿಯೇ

ಕರೆಂಟು ಹೋಯಿತು. ಯುಪಿಎಸ್ಸು ಒಮ್ಮೆ ಕೀರಲಿತು,
ಪರದೆಯ ತುಂಬ ಮಂಡಕ್ಕಿ ಚೆಲ್ಲಿತು.

ಹನುಮಕ್ಕ ಭಟ್ಟಿಯಿಂದ ಹಾಗೇ ಎದ್ದು ಬಂದವಳು,
ಸೆರಗಿನಲ್ಲಿನ್ನೂ ಹೊಟ್ಟಿನ ಹೊಗೆ.
ಬಲಪಕ್ಕೆಗೆ ಜೆಲ್ ಸವರಿದರೆ ನಕ್ಕಳು, ತಣ್ಣಗಂತೆ.
ಡಾಕ್ಟರು ಕೇಳಿದ್ದು ನನ್ನನ್ನ, ಅವಳನ್ನಲ್ಲ:
"ಇದು ಹರಳೋ, ನಿಮ್ಮ ಕರೆಂಟೋ?"

ರಿಪೇರಿಯವನು ನಾನು. ಉತ್ತರ ಇರಲಿಲ್ಲ.
ಡಬ್ಬಿಯನ್ನು ಪಕ್ಕದ ಕೋಣೆಗೆ ದೂಡಿದೆ,
ವೈರಿನಿಂದ ವೈರು ಬಿಡಿಸಿದೆ, ನಲ್ಲಿಯ ಜಗಳ ಬಿಡಿಸಿದ ಹಾಗೆ,
ಕೇಬಲ್ಲಿನ ಕೊರಳಿಗೆ ಫೆರೈಟ್ ಉಂಗುರ ತೊಡಿಸಿದೆ.
ಅರ್ಧ ಮಂಡಕ್ಕಿ ಹೋಯಿತು.
ಇನ್ನರ್ಧ ಹಟ ಹಿಡಿದು ಕೂತಿತು.

ಹಿತ್ತಿಲಿಗೆ ಹೋದೆ, ಅರ್ಥಿಂಗ್ ಗುಂಡಿ ನೋಡಲು.
ಮುಚ್ಚಳದ ಮೇಲೆ ವಾಚ್‌ಮನ್ ದಾದಾಪೀರನ ಕುರ್ಚಿ.
ಒಳಗೆ ಉಪ್ಪು, ಇದ್ದಿಲು, ಬಿರಿದ ಮಣ್ಣು;
ಸಂಕ್ರಾಂತಿಯಿಂದ ಯಾರೂ ಹನಿ ಹಾಕಿಲ್ಲ,
ಪಿ.ಜೆ. ಬಡಾವಣೆಯಲ್ಲೀಗ ಏಪ್ರಿಲ್ಲಿನ ಬಿಸಿಲು.
"ಇದಕ್ಕೂ ಬಾಯಾರಿಕೆನಾ ಸಾ?"
ಎನ್ನುತ್ತಲೇ ತನ್ನ ಕ್ಯಾನು ಬಗ್ಗಿಸಿದ.
ಸಾಲಲಿಲ್ಲ. ಐದು ಕೊಡ ಕುಡಿಯಿತು, ಗುಳುಗುಳು.
ನಟ್ಟು ಉಜ್ಜಿದೆ. ಹಸಿರು ಕಿಲುಬು ಬೆರಳಿಗೆ ಬಂತು.

ಒಳಗೆ ಬಂದರೆ ಕರೆಂಟು ಇನ್ನೂ ಬಂದಿಲ್ಲ.
ಆದರೂ ಪರದೆಯಲ್ಲಿ ಪಿತ್ತಕೋಶ
ಕಪ್ಪು ಕಪ್ಪಾಗಿಯೇ,
ತಿಕ್ಕಿ ತೊಳೆದಿಟ್ಟ ಬಾಣಲೆಯ ತಳ.

"ಎಡಕ್ಕೆ ಹೊರಳಮ್ಮ" ಅಂದರು ಡಾಕ್ಟರು.
ಒಂದೇ ಒಂದು ಕಾಳು
ಅವಳೊಂದಿಗೇ ಹೊರಳಿತು,
ಬೆನ್ನಿಗೆ ನೆರಳು ಕಟ್ಟಿಕೊಂಡು.

ಅದು ನನ್ನ ಕರೆಂಟಲ್ಲ.

ಟೆಸ್ಟರು, ಇಕ್ಕಳ ಚೀಲಕ್ಕೆ ಹಾಕಿದೆ.
ಹನುಮಕ್ಕ ಸೆರಗಿನಿಂದ ಜೆಲ್ ಒರೆಸುತ್ತಿದ್ದಳು.
ಬಿಲ್ಲು ಬರೆಯಲು ಯಾಕೋ
ತಡವಾಯಿತು.