ಹಾಲು ಏನಾಯಿತು

ಕಾಚಂಪುಳಿ ಬಾಟಲಿಗೆ ಒರಗಿಸಿಟ್ಟದ್ದು ಒಂದು ಫೋನು,
ಅದರ ಕಣ್ಣೆದುರು ನನ್ನ ಕೈಯಲ್ಲಿ ಇನ್ನೊಂದು.
ನಲವತ್ತು ಸೆಕೆಂಡು. ಮುಖ ಬೇಡ, ಬೆರಳು ಸಾಕು.
ಬಲ್ಯವ್ವಾ, ಇದು ಕೆಂಪು ಚುಕ್ಕೆ. ಒತ್ತಿ ಹಿಡಿಯಬೇಡಿ,
ಮುಟ್ಟಿ ಬಿಡಿ,
ಕಾವಲಿ ಕಾದಿದೆಯೇ ಎಂದು ನೋಡುವ ಹಾಗೆ.

ರಾತ್ರಿಪಾಳಿ ಮುಗಿಸಿ, ಆಸ್ಪತ್ರೆಯ ವಾಸನೆ ಇನ್ನೂ ಮೈಮೇಲಿರುವಾಗಲೇ
ಮಡಿಕೇರಿಯ ಈ ಬಾಡಿಗೆ ಅಡುಗೆಮನೆಯಲ್ಲಿ
ನಾನು ಮಾಡಿದ ಏಳನೆಯದು ಇದು.
ಮೊದಲನೆಯದರಲ್ಲಿ ಗ್ಯಾಸು ಬುಕ್ ಮಾಡುವುದು.
ಮೂರನೆಯದು ಅಳಿಸಿಹೋಯಿತು.
ಐದನೆಯದು ಬೆಳ್ಯಪ್ಪ ಮಾವನಿಗೆಂದೇ:
ಓಟಿಪಿ ಎಂದರೆ ತಲೆಬಾಗಿಲ ಕೀಲಿ, ಮಾವಾ,
ಕೇಳಿದವರಿಗೆಲ್ಲ ಕೊಡುವುದಲ್ಲ.

ಕೈಲ್‌ಪೊಳ್ದಿನ ತೆಂಗಿನಕಾಯಿಗೆ ಗುರಿ ತಪ್ಪದ ಮನುಷ್ಯ.
ಈಗಲೂ ಎಡಗಣ್ಣು ಮುಚ್ಚಿ, ಉಸಿರು ಹಿಡಿದು,
‘ಕಳಿಸು’ ಎಂಬಲ್ಲಿಗೆ ಬೆರಳಿಡುತ್ತಾರೆ.
ಹೋದ ವಾರ ಮೀನಿನ ಹಂಝಾಕನಿಗೆ
ನೂರರ ಜಾಗದಲ್ಲಿ ಸಾವಿರ ಹೊಡೆದರು.
ಆ ಪುಣ್ಯಾತ್ಮ ಉಳಿದ ಒಂಬೈನೂರಕ್ಕೂ ಮತ್ತಿಯನ್ನೇ ತೂಗಿ ಕೊಟ್ಟ.
ನಾಲ್ಕು ಮನೆಯವರು ಹಂಚಿ ತಿಂದರಂತೆ,
ಬೆಕ್ಕು ಐದನೆಯದು.

ಏಳನೆಯದರ ಪಾಠ: ವಿಡಿಯೊ ಮಾಡಿ ಕಳಿಸುವುದು ಹೇಗೆ.
ನನ್ನ ಬೆರಳಿನ ಹಿಂದೆ ಸ್ಟೌವಿನ ಮೇಲೆ ಹಾಲಿತ್ತು.
ನಾನು ನೋಡಲಿಲ್ಲ.
ಅವರೆಲ್ಲ ನೋಡಿದ್ದು ಅದನ್ನೇ.

ಕಕ್ಕಬ್ಬೆಯಿಂದ ಮೊದಲ ಉತ್ತರ: ಹಾಲು ಏನಾಯಿತು?
ಸಿದ್ದಾಪುರದಲ್ಲಿ ಪೂವವ್ವ ಮಾವಿ
ಆನೆ ಕಂದಕದ ದಿಬ್ಬ ಹತ್ತಿ,
ಎರಡು ಗೀಟು ಸಿಗ್ನಲ್ಲು ಸಿಗುವುದು ಅಲ್ಲೇ,
ದನಿಯಲ್ಲೇ ಕೇಳಿದರು:
ಮೂವತ್ತೆಂಟನೇ ಸೆಕೆಂಡಿಗೆ ಅಂಚಿಗೆ ಬಂದಿತ್ತಲ್ಲ, ಕುಂಞಿ,
ಆಮೇಲೆ?
ಮಾವ ತೀರ್ಪೇ ಕೊಟ್ಟರು: ಉಕ್ಕಿದೆ.
ಕೆಂಪು ಚುಕ್ಕೆಯ ಬಗ್ಗೆ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ಸಿಟ್ಟು ಬಂತು. ಮಲಗಿದೆ.
ಅರ್ಧ ನಿದ್ದೆಯಲ್ಲಿ ಹೊಳೆದು ಎದ್ದು ಕೂತೆ:
ಮೂವತ್ತೆಂಟು ಎಂದು ಮಾವಿಗೆ ಗೊತ್ತಾದದ್ದು ಹೇಗೆ?
ನಿಲ್ಲಿಸುವುದು, ಹಿಂದಕ್ಕೆ ಎಳೆಯುವುದು, ಮತ್ತೆ ಬಿಡುವುದು
ನಾನು ಯಾವ ಪಾಠದಲ್ಲೂ ಹೇಳಿಕೊಟ್ಟಿಲ್ಲ.

ಉಕ್ಕಿತು, ಎಂದು ಎಲ್ಲರಿಗೂ ಬರೆದೆ.
ಒಲೆ ಒರೆಸಿ, ಬೆಲ್ಲ ಹಾಕಿ, ಕಪ್ಪು ಕಾಫಿಯೇ ಕುಡಿದೆ.

ಬಲ್ಯವ್ವ ಮಾತ್ರ ಏನೂ ಕೇಳಿರಲಿಲ್ಲ.
ಮೂರನೇ ದಿನ ಚೇರಂಬಾಣೆಯಿಂದ ಬಂತು
ಹನ್ನೊಂದು ಸೆಕೆಂಡಿನದೊಂದು ವಿಡಿಯೊ.
ಮನೆಯಿಲ್ಲ, ಅಂಗಳವಿಲ್ಲ, ಬಲ್ಯವ್ವನೂ ಇಲ್ಲ.
ತೆರೆ ತುಂಬ ಬರಿಯ ಕೆಂಪು.
ಕ್ಯಾಮೆರಾದ ಕಣ್ಣಿಗೆ ಅಡ್ಡವಾದ ಹೆಬ್ಬೆರಳು,
ಅದರಾಚೆ ಜನವರಿಯ ಬಿಸಿಲು;
ಬೆಳಕು ಮಾಂಸ ದಾಟಿ ಬಂದು
ಗಿಡದಲ್ಲೇ ಹಣ್ಣಾದ ಕಾಫಿಯ ಬಣ್ಣ.
ಎಲ್ಲೋ ಕಣದಲ್ಲಿ ಬೀಜ ಎಳೆಯುವ ಸರಸರ,
ನಾಯಿ ಒಮ್ಮೆ,
ಕೊನೆಗೆ ಅವರದೇ ದನಿ, ಯಾರಿಗೋ:
ಬರ್ತಾ ಉಂಟಾ ಇದು?

ಬೆರಳು ಸರಿಸಿ ಹಿಡಿಯುವುದು ಹೇಗೆಂದು
ಎಂಟನೆಯದು ಮಾಡಬೇಕು.
ಇನ್ನೂ ಮಾಡಿಲ್ಲ.